ಕೊಡಗಿನ ಚರ್ಚ್‌ಗಳ ಮತ್ತು ಕಾನ್ವೆಂಟ್ ಶಾಲೆಗಳ ಹಳೆಯ ಪುಸ್ತಕಗಳನ್ನು ಉಳಿಸಿಕೊಡಿ: ಒಂದು ಬಹಿರಂಗ ಪತ್ರ

ಮೈಸೂರು ಧರ್ಮಕ್ಷೇತ್ರದ ಪರಮಪೂಜ್ಯ ಧರ್ಮಾಧ್ಯಕ್ಷರಿಗೆ, ಕೊಡಗಿನಲ್ಲಿ ಕಾನ್ವೆಂಟ್ ಶಾಲೆಗಳನ್ನು ನಡೆಸುತ್ತಿರುವ ಕನ್ಯಾಸ್ತ್ರೀ ಸಭೆಗಳ ಹಿರಿಯರಿಗೆ ಹಾಗೂ ಮಾನ್ಯ ಜಿಲ್ಲಾಧಿಕಾರಿಗಳಿಗೆ,

ವಂದನೆಗಳು.

ದಕ್ಷಿಣ ಕೊಡಗಿನ ಒಂದು ತೋಟದ ಲೈನ್ ಮನೆಯಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ ಹುಟ್ಟಿ, ಅದೇ ತೋಟದ ಅಂಚಿನಲ್ಲಿದ್ದ ಕಾನ್ವೆಂಟ್ ಶಾಲೆಯಲ್ಲಿ ಅಕ್ಷರ ಕಲಿತು, ಮುಂದೆ ಅಂಥದೇ ಇನ್ನೊಂದು ಶಾಲೆಯಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದವಳು ನಾನು. ನಮ್ಮ ಹಳ್ಳಿಗಳ ಚರ್ಚ್‌ಗಳಲ್ಲಿರುವ ಜ್ಞಾನಸ್ನಾನ (ಬ್ಯಾಪ್ಟಿಸಂ), ವಿವಾಹ ಮತ್ತು ಮರಣದ ಹಳೆಯ ಪುಸ್ತಕಗಳನ್ನೂ ಅವುಗಳ ಪಕ್ಕದಲ್ಲೇ ಬೆಳೆದ ಶಾಲೆಗಳ ದಾಖಲಾತಿ ಪುಸ್ತಕಗಳನ್ನೂ ಇನ್ನಷ್ಟು ಮಳೆಗಾಲಗಳಿಗೆ ಒಡ್ಡದೆ, ಪುಟಪುಟವಾಗಿ ಛಾಯಾಚಿತ್ರ ತೆಗೆಸಿ, ಸುರಕ್ಷಿತವಾಗಿ ಇಡಿಸಬೇಕು. ಅವುಗಳ ಆಧಾರದ ಮೇಲೆ ಈ ಧರ್ಮಕೇಂದ್ರಗಳ ಚರಿತ್ರೆಯನ್ನು ಸರಿಯಾಗಿ ಬರೆಯಿಸಬೇಕು. ಈ ಕೋರಿಕೆಯನ್ನು ಮುಚ್ಚಿದ ಲಕೋಟೆಯಲ್ಲಿ ಕಳುಹಿಸದೆ ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಆ ಪುಸ್ತಕಗಳಲ್ಲಿ ಹೆಸರಿರುವವರ ಮಕ್ಕಳು ಮೊಮ್ಮಕ್ಕಳು ಕೊಡಗಿನ ಉದ್ದಗಲಕ್ಕೂ ಇದ್ದಾರೆ, ಅವರಲ್ಲಿ ಬಹಳ ಮಂದಿ ಕ್ರೈಸ್ತರಲ್ಲದವರೂ ಹೌದು, ಈ ಮಾತು ಅವರಿಗೂ ತಿಳಿಯಬೇಕು.

ಕೊಡಗಿನ ಕಥೋಲಿಕ ಚರಿತ್ರೆ ಎಂದಾಗ ಎಲ್ಲರೂ ಮೊದಲು ಹೇಳುವುದು ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯದ ಹೆಸರು, ಮತ್ತು ಅದು ನ್ಯಾಯವೇ. 1791ರಲ್ಲಿ ಮಲಬಾರಿನಿಂದ ಶ್ರೀರಂಗಪಟ್ಟಣದ ಕಡೆಗೆ ದಂಡೆತ್ತಿ ಹೊರಟ ಜನರಲ್ ಅಬರ್‌ಕ್ರಾಂಬಿಯನ್ನು ತಾನು ಭೇಟಿಯಾದ ನೆನಪಿಗೆ ಕೊಡಗಿನ ಅರಸ ದೊಡ್ಡವೀರರಾಜೇಂದ್ರ 1792ರಲ್ಲಿ ವೀರರಾಜೇಂದ್ರಪೇಟೆಯನ್ನು, ಅಂದರೆ ಇಂದಿನ ವಿರಾಜಪೇಟೆಯನ್ನು ಕಟ್ಟಿಸಿದ. ಚರ್ಚ್‌ನ ಆರಂಭವನ್ನೂ ಅದೇ ವರ್ಷಕ್ಕೆ ಗುರುತಿಸುತ್ತಾರೆ. 1784ರಲ್ಲಿ ಕೆನರಾ ಕರಾವಳಿಯ ಕ್ರೈಸ್ತರನ್ನು ಟಿಪ್ಪು ಸುಲ್ತಾನನ ಆಜ್ಞೆಯಂತೆ ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದಾಗ, ಆ ಸೆರೆಯಿಂದ ತಪ್ಪಿಸಿಕೊಂಡು ಬೆಟ್ಟ ಹತ್ತಿ ಬಂದ ಕುಟುಂಬಗಳಿಗೆ ಈ ಅರಸ ಆಶ್ರಯ ಕೊಟ್ಟು ನೆಲೆ ನಿಲ್ಲಲು ಜಾಗ ಕೊಟ್ಟ. ಅರಸನೇ ಪಿರಿಯಾಪಟ್ಟಣದ ಸೆರೆಯಿಂದ 1788ರಲ್ಲಿ ತಪ್ಪಿಸಿಕೊಂಡು ಬಂದವನು; ಅವನ ಪ್ರಜೆಗಳಾದ ಕೊಡವರಲ್ಲಿ ಎಷ್ಟೋ ಮಂದಿ ಅದೇ ಕಾಲದಲ್ಲಿ ಸೆರೆ ಹೋದವರು. ಸೆರೆಯ ಕಷ್ಟವನ್ನು ಬಲ್ಲ ಅರಸನ ಪೇಟೆಯಲ್ಲಿ ಸೆರೆ ತಪ್ಪಿಸಿಕೊಂಡವರ ದೇವಾಲಯ ಎದ್ದಿತು ಎಂಬುದನ್ನು ನೆನೆದಾಗಲೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ. ಆ ಕಾಲದ ಸೆರೆಯ ಸಂಖ್ಯೆಗಳ ಬಗ್ಗೆ, ಕಾರಣಗಳ ಬಗ್ಗೆ ಇಂದಿಗೂ ಬಿಸಿ ಚರ್ಚೆ ನಡೆಯುತ್ತಿದೆ. ಆ ಚರ್ಚೆಯಲ್ಲಿ ಬಳಕೆಯಾಗುವ ಆಯುಧವಾಗಿ ನಮ್ಮ ಚರ್ಚ್‌ನ ಹೆಸರನ್ನು ತೂರುವುದನ್ನು ನಾನು ಬಯಸುವುದಿಲ್ಲ. ಬಂದವರು ಯಾರು, ಯಾವ ಊರಿನವರು, ಇಲ್ಲಿ ಯಾರನ್ನು ಮದುವೆಯಾದರು, ಯಾವ ಕಸುಬು ಹಿಡಿದರು ಎಂಬ ವಿವರಗಳು ಗೊತ್ತಾದಷ್ಟೂ ಆ ಚರಿತ್ರೆ ಕೂಗಾಟದಿಂದ ದೂರ ಸರಿದು ಮನುಷ್ಯರ ಚರಿತ್ರೆಯಾಗುತ್ತದೆ.

ಬರೆದಿಡುವ ವಿಷಯದಲ್ಲಿ ಕೊಡಗಿನ ಅರಸರಿಂದ ನಾವು ಕಲಿಯಬೇಕಾದದ್ದಿದೆ. ದೊಡ್ಡವೀರರಾಜೇಂದ್ರ ತನ್ನ ವಂಶದ ಚರಿತ್ರೆಯನ್ನು ‘ರಾಜೇಂದ್ರನಾಮೆ’ ಎಂದು ಕನ್ನಡದಲ್ಲಿ ಬರೆಯಿಸಿದ. ಅವನ ನಂತರ ಬಂದ ಲಿಂಗರಾಜನ ಕಾಲದಲ್ಲಿ ಭೂಮಿಯ ವಿವರವೆಲ್ಲ ಸಿಸ್ತಿನ (ಭೂಕಂದಾಯದ) ಲೆಕ್ಕಕ್ಕೆ ಬಂತು. ಆ ಲೆಕ್ಕದ ಆಧಾರ ಜಮ್ಮಾ ಎಂಬ ವಂಶಪಾರಂಪರ್ಯ ಹಿಡುವಳಿಯ ಜಮೀನಿನ ವಿಚಾರದಲ್ಲಿ ಬಹಳ ಕಾಲ ನಡೆಯಿತು. ಭೂಮಿಯಿದ್ದ ಮನೆತನಕ್ಕೆ ಐನ್‌ಮನೆ ಎಂಬ ಮೂಲಮನೆಯಿತ್ತು, ಕೈಮಡ ಎಂಬ ಹಿರಿಯರ ಗುಡಿಯಿತ್ತು, ಒಕ್ಕದ ಅಂದರೆ ಕುಲದ ಹೆಸರಿತ್ತು, ಅರಮನೆಯ ಲೆಕ್ಕದಲ್ಲಿ ಸ್ಥಾನವಿತ್ತು. ಭೂಮಿಯಿಲ್ಲದೆ ದುಡಿಯಲು ಬಂದವರಿಗೆ ಇವುಗಳಲ್ಲಿ ಒಂದೂ ಇರಲಿಲ್ಲ. ಅವರಲ್ಲಿ ಬಹಳ ಮಂದಿಯ ಹೆಸರು ಕಾಗದದ ಮೇಲೆ ಬಿದ್ದದ್ದು ಎರಡೇ ಕಡೆ: ತೋಟದ ರೈಟರ್ (ಗುಮಾಸ್ತ) ಬರೆಯುತ್ತಿದ್ದ ಹಾಜರಿ ಪುಸ್ತಕದಲ್ಲಿ, ಮತ್ತು ಕ್ರೈಸ್ತರಾಗಿದ್ದರೆ ಚರ್ಚ್‌ನ ಪುಸ್ತಕದಲ್ಲಿ. ಹಳೆಯ ತೋಟಗಳು ಕೈಯಿಂದ ಕೈಗೆ ದಾಟಿದಾಗ ಹಾಜರಿ ಪುಸ್ತಕಗಳನ್ನು ಯಾರೂ ಇಟ್ಟುಕೊಳ್ಳಲಿಲ್ಲ. ಹಾಗಾಗಿ ಅವರ ಪಾಲಿಗೆ ಚರ್ಚ್‌ನ ಪುಸ್ತಕವೇ ಉಳಿದ ಒಂದೇ ಆಧಾರ.

ವಿರಾಜಪೇಟೆಯ ಚರಿತ್ರೆಯಷ್ಟು ಕೂಡ ಬರೆದಿಡದೆ ಹೋಗಿರುವುದು ಹಳ್ಳಿಗಳ ಸಣ್ಣ ಚರ್ಚ್‌ಗಳ ಚರಿತ್ರೆ, ಮತ್ತು ಅದು ಕಾಫಿಯ ಚರಿತ್ರೆಯೊಂದಿಗೆ ಹೆಣೆದುಕೊಂಡಿದೆ. 1834ರಲ್ಲಿ ಕೊಡಗು ಕಂಪನಿ ಸರ್ಕಾರದ ವಶವಾಯಿತು. 1854ರಲ್ಲಿ ಫೌಲರ್ ಎಂಬಾತ ಮಡಿಕೇರಿಯ ಬಳಿ ಯುರೋಪಿಯನ್ನರ ಮೊದಲ ಕಾಫಿ ತೋಟವನ್ನು ತೆರೆದ. ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಘಟ್ಟದ ಅಂಚಿನ ಕಾಡುಗಳೆಲ್ಲ ತೋಟವಾದವು. ನೆರಳಿಲ್ಲದ ಆ ತೋಟಗಳನ್ನು 1860ರ ದಶಕದಲ್ಲಿ ಕಾಂಡಕೊರಕ ಹುಳವೂ ಅದರ ಬೆನ್ನಿಗೆ ಎಲೆರೋಗವೂ ಹಾಳುಮಾಡಿದಾಗ ಕಾಫಿ ಪೂರ್ವದ ಕಡೆಗೆ, ಸಿದ್ದಾಪುರ, ಪಾಲಿಬೆಟ್ಟ, ಅಮ್ಮತ್ತಿಯ ಬಿದಿರುಕಾಡಿನ ಸೀಮೆಗೆ ಸರಿಯಿತು. ತೋಟದ ಬಿಳಿಯ ದೊರೆಗಳು ‘ಬ್ಯಾಂಬೂ’ ಎಂದು ಕರೆಯುತ್ತಿದ್ದ ಸೀಮೆ ಅದೇ. ತೋಟ ಸರಿದ ಕಡೆಗೆ ಆಳುಗಳೂ ಸರಿದರು. ಮೈಸೂರು ಸೀಮೆಯಿಂದ, ತಮಿಳುನಾಡಿನಿಂದ, ಮಲಬಾರಿನಿಂದ, ದಕ್ಷಿಣ ಕನ್ನಡದಿಂದ ಮೇಸ್ತ್ರಿಗಳು ಮುಂಗಡ ಕೊಟ್ಟು ಕರೆತಂದ ಕುಟುಂಬಗಳಲ್ಲಿ ಕಥೋಲಿಕರೂ ಇದ್ದರು. ಅವರಿದ್ದಲ್ಲಿಗೆ ದೂರದ ಕೇಂದ್ರದಿಂದ ಗುರುಗಳು ಕುದುರೆಯ ಮೇಲೋ ನಡೆದೋ ವರ್ಷಕ್ಕೆ ಕೆಲವು ಸಲ ಬಂದು, ಕಾಫಿ ಗೋದಾಮಿನಲ್ಲೋ ರೈಟರ ಮನೆಯ ಜಗಲಿಯಲ್ಲೋ ಬಲಿಪೂಜೆ ಅರ್ಪಿಸಿ, ಅಷ್ಟು ದಿನಗಳಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ಒಂದೇ ದಿನ ಜ್ಞಾನಸ್ನಾನ ಕೊಟ್ಟು ಹೋಗುತ್ತಿದ್ದರು ಎಂದು ನಮ್ಮ ಹಿರಿಯರು ಹೇಳುವುದನ್ನು ಕೇಳುತ್ತಲೇ ಬೆಳೆದೆವು. ಉಳಿದ ದಿನಗಳಲ್ಲಿ ಜಪಸರ ಹೇಳಿಸಿದವರು, ಸಾಯುವವರ ಬಳಿ ಕುಳಿತವರು, ಮಕ್ಕಳಿಗೆ ಮಂತ್ರ ಕಲಿಸಿದವರು ಉಪದೇಶಿಗಳು. ಹುಲ್ಲು ಮಾಡಿನ ಪ್ರಾರ್ಥನಾಮಂದಿರ ಮಂಗಳೂರು ಹೆಂಚಿನ ಚರ್ಚ್ ಆದದ್ದು ಅವರ ದುಡಿಮೆಯಿಂದ, ಮತ್ತು ವಾರದ ಕೂಲಿಯಲ್ಲಿ ಕಾಣಿಕೆ ಕೊಟ್ಟ ಹೆಂಗಸರಿಂದ.

ಈ ಸೀಮೆಯೆಲ್ಲ ಮೈಸೂರು ಮಿಷನ್ನಿಗೆ ಸೇರಿತ್ತು. ಅದನ್ನು ನಡೆಸಿದವರು ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯ ಗುರುಗಳು. 1850ರಲ್ಲಿ ಅದು ಪ್ರತ್ಯೇಕ ವಿಕಾರಿಯೇಟ್ (ಧರ್ಮಕ್ಷೇತ್ರವಾಗುವುದಕ್ಕೆ ಮೊದಲಿನ ಹಂತ) ಆಗಿ, 1886ರಲ್ಲಿ ಧರ್ಮಕ್ಷೇತ್ರವಾಗಿ, 1940ರಲ್ಲಿ ಬೆಂಗಳೂರು ಬೇರೆಯಾದ ಮೇಲೆಯೂ ಕೊಡಗು ಮೈಸೂರಿನೊಂದಿಗೇ ಉಳಿಯಿತು. ಆ ಗುರುಗಳು ಪ್ರತಿವರ್ಷ ಪ್ಯಾರಿಸ್ಸಿಗೆ ವರದಿ ಕಳುಹಿಸುತ್ತಿದ್ದರು, ಆ ಕಾಗದಗಳು ಅಲ್ಲಿನ ಪತ್ರಾಗಾರದಲ್ಲಿ ಭದ್ರವಾಗಿವೆ. ಅಂದರೆ ಇಲ್ಲಿಗೆ ಬಂದ ಗುರುಗಳ ಕಡೆಯ ಮಾತು ಎಂದಿಗೂ ಸಿಗುತ್ತದೆ. ಅವರಿಂದ ಜ್ಞಾನಸ್ನಾನ ಪಡೆದವರ ಕಡೆಯದು ಮಾತ್ರ ನಮ್ಮ ಹಳ್ಳಿಯ ಕಪಾಟಿನಲ್ಲಿ ಗೆದ್ದಲಿನ ಬಾಯಿಗೆ ಸಿಕ್ಕಿದೆ.

ಕಾನ್ವೆಂಟ್ ಶಾಲೆಗಳ ಬಗ್ಗೆ ಎರಡು ಮಾತು ಹೆಚ್ಚಾಗಿಯೇ ಹೇಳುತ್ತೇನೆ, ಏಕೆಂದರೆ ನನ್ನ ಬದುಕು ಅಲ್ಲಿಯೇ ಕಳೆದಿದೆ. ಇಂದು ‘ಕಾನ್ವೆಂಟ್’ ಎಂದರೆ ಇಂಗ್ಲಿಷ್ ಮಾಧ್ಯಮ, ಟೈ, ಬೂಟು, ಶುಲ್ಕ ಎಂಬ ಅರ್ಥವೇ ಜನರ ಮನಸ್ಸಿನಲ್ಲಿದೆ. ತೋಟಗಳ ನಡುವಿನ ಶಾಲೆಗಳು ಹಾಗಿರಲಿಲ್ಲ. ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆ, ಪಕ್ಕದಲ್ಲಿ ಸಿಸ್ಟರ್‌ಗಳು ನಡೆಸುವ ಸಣ್ಣ ಔಷಧಾಲಯ, ಹೆಣ್ಣುಮಕ್ಕಳಿಗೆ ಹೊಲಿಗೆ ತರಗತಿ, ದೂರದ ತೋಟಗಳ ಮಕ್ಕಳಿಗೆ ಬೋರ್ಡಿಂಗ್ ಇವಿಷ್ಟು ಸೇರಿ ಒಂದು ಕಾನ್ವೆಂಟ್. ನಾನು ಓದಿದ ತರಗತಿಯಲ್ಲಿ ಮನೆಮಾತು ಕೊಡವ, ಅರೆಭಾಷೆ, ತುಳು, ತಮಿಳು, ಮಲಯಾಳಂ, ಕೊಂಕಣಿ, ಬ್ಯಾರಿ, ಯರವ ಆಗಿದ್ದ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತು ಕನ್ನಡ ಕಲಿತೆವು. ನಮ್ಮಲ್ಲಿ ಹಲವರಿಗೆ ಕನ್ನಡ ಶಾಲೆಯಲ್ಲಿ ಸಿಕ್ಕ ಭಾಷೆ, ಮತ್ತು ಅದನ್ನು ಕೊಟ್ಟ ಸಿಸ್ಟರ್‌ಗಳಲ್ಲಿ ಅನೇಕರಿಗೂ ಅದು ಮನೆಮಾತಾಗಿರಲಿಲ್ಲ. ಅವರು ಕಲಿತು ಕಲಿಸಿದರು. ಡಿಸೆಂಬರ್‌ನಿಂದ ಫೆಬ್ರುವರಿಯವರೆಗೆ ಕಾಫಿ ಕುಯ್ಲಿನ ಕಾಲದಲ್ಲಿ ದೊಡ್ಡ ಮಕ್ಕಳು ತಂಗಿ ತಮ್ಮಂದಿರನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿದುಬಿಡುತ್ತಿದ್ದರು. ಆಗ ಮದರ್ ಸ್ವತಃ ಲೈನ್ ಮನೆಗಳಿಗೆ ನಡೆದು ಬಂದು, ಕೈಗೂಸನ್ನೂ ಸೇರಿಸಿ ಶಾಲೆಗೆ ಕಳುಹಿಸಿ ಎಂದು ತಾಯಂದಿರಿಗೆ ಹೇಳಿ ಹೋಗುತ್ತಿದ್ದರು. ಇಪ್ಪತ್ತೈದಕ್ಕಿಂತ ಹೆಚ್ಚು ಮಕ್ಕಳಿರುವ ತೋಟದ ಮಾಲೀಕರು ಶಿಕ್ಷಣದ ಏರ್ಪಾಡು ಮಾಡುವಂತೆ ನಿಯಮ ವಿಧಿಸುವ ಅವಕಾಶ ಸರ್ಕಾರಕ್ಕೆ ಕಾನೂನಿನಲ್ಲಿ ಬಂದದ್ದೇ 1951ರ ತೋಟ ಕಾರ್ಮಿಕರ ಕಾಯ್ದೆಯಿಂದ. ಕಾನೂನು ಬಂದ ಮೇಲೂ ಎಷ್ಟೋ ಲೈನ್ ಮನೆಯ ಮಕ್ಕಳಿಗೆ ನಡೆದು ಹೋಗುವಷ್ಟು ಹತ್ತಿರ ಇದ್ದದ್ದು ಚರ್ಚ್ ಅಂಗಳದ ಶಾಲೆಯೊಂದೇ.

ಇಷ್ಟೆಲ್ಲ ಆಗಿಯೂ ನಮ್ಮ ಧರ್ಮಕೇಂದ್ರಗಳ ಚರಿತ್ರೆ ಎಂದು ಇಂದು ಕೈಗೆ ಸಿಗುವುದು ಬೆಳ್ಳಿಹಬ್ಬ, ಸುವರ್ಣಮಹೋತ್ಸವ, ಶತಮಾನೋತ್ಸವಗಳಿಗೆ ಅಚ್ಚು ಹಾಕಿಸಿದ ಸ್ಮರಣ ಸಂಚಿಕೆಗಳು. ಅವುಗಳನ್ನು ನಾನು ಹಗುರಾಗಿ ಕಾಣುವುದಿಲ್ಲ. ಕೆಲವಕ್ಕೆ ನಾನೇ ಲೇಖನ ಬರೆದಿದ್ದೇನೆ. ಆದರೆ ಅವುಗಳ ರೂಪ ಎಲ್ಲ ಕಡೆಯೂ ಒಂದೇ: ಶುಭಸಂದೇಶಗಳು, ವಿಚಾರಣಾ ಗುರುಗಳ, ಅಂದರೆ ಧರ್ಮಕೇಂದ್ರ ನೋಡಿಕೊಳ್ಳುವ ಪಾದ್ರಿಗಳ ಹೆಸರು ಮತ್ತು ಸೇವಾವಧಿಯ ಪಟ್ಟಿ, ಕಟ್ಟಡಕ್ಕೆ ದಾನ ಕೊಟ್ಟವರ ಪಟ್ಟಿ, ಜಾಹೀರಾತು. ಆ ಕಟ್ಟಡದ ಕಲ್ಲು ಹೊತ್ತವರು, ಮೂವತ್ತು ವರ್ಷ ಗಂಟೆ ಹೊಡೆದವರು, ಉಪದೇಶಿಗಳು, ಸಂಬಳ ಸರಿಯಾಗಿ ಬಾರದ ಕಾಲದಲ್ಲೂ ಪಾಠ ನಿಲ್ಲಿಸದ ಶಿಕ್ಷಕಿಯರು ಆ ಪುಟಗಳಲ್ಲಿ ಇಲ್ಲ. ಒಂದು ಸಂಚಿಕೆಯ ತಪ್ಪು ಇಸವಿ ಮುಂದಿನ ಸಂಚಿಕೆಗೆ ಹಾಗೆಯೇ ನಡೆದು ಬರುತ್ತದೆ, ಏಕೆಂದರೆ ಮೂಲ ಪುಸ್ತಕವನ್ನು ಬಿಚ್ಚಿ ನೋಡುವ ವ್ಯವಧಾನ ಹಬ್ಬದ ಗಡಿಬಿಡಿಯಲ್ಲಿ ಯಾರಿಗೂ ಇರುವುದಿಲ್ಲ.

ಮೂಲ ಪುಸ್ತಕದಲ್ಲಿ ಏನಿರುತ್ತದೆ ಎಂಬುದನ್ನು ಮಾನ್ಯ ಜಿಲ್ಲಾಧಿಕಾರಿಗಳ ಅವಗಾಹನೆಗೆ ತರಬಯಸುತ್ತೇನೆ; ಧರ್ಮಾಧ್ಯಕ್ಷರಿಗೆ ಇದು ತಿಳಿದ ವಿಷಯ. ವಿವಾಹಗಳನ್ನು ಪುಸ್ತಕದಲ್ಲಿ ದಾಖಲಿಸಬೇಕೆಂದು ಕಥೋಲಿಕ ಧರ್ಮಸಭೆಯ ಟ್ರೆಂಟ್ ಮಹಾಸಭೆ 1563ರಲ್ಲಿಯೇ ವಿಧಿಸಿತು. ಪ್ರತಿ ವಿಚಾರಣೆಯಲ್ಲಿ (ಧರ್ಮಕೇಂದ್ರದಲ್ಲಿ) ಜ್ಞಾನಸ್ನಾನ, ವಿವಾಹ ಮತ್ತು ಮರಣದ ಪುಸ್ತಕಗಳು ಇರಲೇಬೇಕು, ಹಳೆಯ ಪುಸ್ತಕಗಳನ್ನೂ ಎಚ್ಚರದಿಂದ ಕಾಪಾಡಬೇಕು ಎಂದು ಇಂದಿನ ಧರ್ಮಸಭಾ ಕಾನೂನಿನ 535ನೇ ವಿಧಿ ಹೇಳುತ್ತದೆ. ಮಗುವಿನ ಹೆಸರು, ಹುಟ್ಟಿದ ದಿನ, ತಂದೆ ತಾಯಿಯ ಹೆಸರು, ಜ್ಞಾನತಂದೆ ಜ್ಞಾನತಾಯಿಯರ ಹೆಸರು, ಜ್ಞಾನಸ್ನಾನ ಕೊಟ್ಟ ಗುರುಗಳ ಸಹಿ ಒಂದೊಂದು ನಮೂದಿನಲ್ಲೂ ಇರುತ್ತವೆ. ಹಳೆಯ ಪುಸ್ತಕಗಳ ಭಾಷೆ ಲತೀನು. ಊರವರು ರಾಯಪ್ಪ ಎಂದು ಕರೆಯುತ್ತಿದ್ದವರು ಅಲ್ಲಿ ಪೆತ್ರುಸ್ ಆಗಿರಬಹುದು, ಚಿನ್ನಪ್ಪ ಪೌಲುಸ್ ಆಗಿರಬಹುದು. ಯಾವ ಪೆತ್ರುಸ್ ಯಾರ ಮನೆಯ ರಾಯಪ್ಪ ಎಂದು ಹೇಳಬಲ್ಲ ಹಿರಿಯರು ಇಂದು ಬೆರಳೆಣಿಕೆಯಷ್ಟು. ಮರಣದ ಪುಸ್ತಕವನ್ನಂತೂ ವೈದ್ಯಕೀಯ ಚರಿತ್ರೆ ಬರೆಯುವವರು ಕಣ್ಣಿಗೆ ಒತ್ತಿಕೊಳ್ಳಬೇಕು. ಮಲೇರಿಯಾ ಈ ತೋಟಗಳಲ್ಲಿ ಹೇಗೆ ಜೀವ ತೆಗೆಯಿತು, 1918ರ ಇನ್‌ಫ್ಲುಯೆಂಜಾ ಲೈನ್ ಮನೆಗಳೊಳಗೆ ಹೇಗೆ ನುಗ್ಗಿತು, ಬಾಣಂತಿಯರು ಎಷ್ಟು ಮಂದಿ ಸತ್ತರು ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕಲು ಹಳ್ಳಿಯ ಮಟ್ಟದಲ್ಲಿ ಇದಕ್ಕಿಂತ ಹತ್ತಿರದ ಸಾಕ್ಷಿ ಸಿಗುವುದು ಕಷ್ಟ.

ಇದು ಸಂಶೋಧಕರಿಗೆ ಮಾತ್ರ ಬೇಕಾದ ವಿಷಯವೂ ಅಲ್ಲ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಅದಕ್ಕೆ ಮೊದಲು ಲೈನ್ ಮನೆಯಲ್ಲಿ ಸೂಲಗಿತ್ತಿಯ ಕೈಯಲ್ಲಿ ಹುಟ್ಟಿದ ಮಗುವಿನ ಹುಟ್ಟಿದ ದಿನಕ್ಕೆ ಚರ್ಚ್‌ನ ಪುಸ್ತಕ ಅಥವಾ ಶಾಲೆಯ ದಾಖಲಾತಿ ಪುಸ್ತಕವೇ ಆಧಾರ. ವೃದ್ಧಾಪ್ಯ ವೇತನಕ್ಕೆ, ಭವಿಷ್ಯನಿಧಿಯ ಹಣಕ್ಕೆ, ನಿವೇಶನದ ಅರ್ಜಿಗೆ, ಇಷ್ಟು ವರ್ಷದಿಂದ ಇದೇ ಜಿಲ್ಲೆಯಲ್ಲಿ ಇದ್ದೇವೆ ಎಂದು ತೋರಿಸಲಿಕ್ಕೆ ತೋಟದ ಕಾರ್ಮಿಕರು ಇಂದಿಗೂ ಹಳೆಯ ಶಾಲೆಯ ಬಾಗಿಲಿಗೆ ಬರುತ್ತಾರೆ. ನನಗೆ ತಿಳಿದ ಒಂದು ಶಾಲೆಯಲ್ಲಿ, ಮಾಡು ರಿಪೇರಿಯ ಕಾಲದಲ್ಲಿ ಹಳೆಯ ದಾಖಲಾತಿ ಪುಸ್ತಕಗಳನ್ನು ಜಗಲಿಗೆ ತಂದಿಟ್ಟು ಮರೆತುಬಿಟ್ಟರು. ಆಟಿ ತಿಂಗಳ ಮಳೆಗೆ ಅವು ನೆನೆದು ಪುಟಗಳೆಲ್ಲ ಒಂದಕ್ಕೊಂದು ಅಂಟಿ, ಕೊನೆಗೆ ಹಂಡೆಯ ಒಲೆಗೆ ಹೋದವು. ಕೆಲವು ತಿಂಗಳ ನಂತರ ತನ್ನ ವಯಸ್ಸಿನ ದಾಖಲೆ ಕೇಳಿಕೊಂಡು ಬಂದ ಹೆಂಗಸಿಗೆ ‘ರೆಕಾರ್ಡ್ ಇಲ್ಲಮ್ಮ’ ಎಂಬ ಉತ್ತರ ಸಿಕ್ಕಿತು. ಆಕೆ ಆ ಶಾಲೆಯಲ್ಲಿ ಓದಿದ್ದು ಸುಳ್ಳೇನಲ್ಲ, ನಾನು ಆಕೆಯ ಜೊತೆ ಒಂದೇ ತರಗತಿಯಲ್ಲಿ ಕುಳಿತವಳು; ಆದರೆ ನನ್ನ ಮಾತು ಕಚೇರಿಯಲ್ಲಿ ದಾಖಲೆಯಾಗುವುದಿಲ್ಲ.

ಕೊಡಗಿನ ಹವೆ ಕಾಗದಕ್ಕೆ ಶತ್ರು. ಮಡಿಕೇರಿ ಕಡೆ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗಳೇ ಬೆವರುತ್ತವೆ. ಬೂಷ್ಟು, ಬೆಳ್ಳಿಹುಳ, ಗೆದ್ದಲು ಸಾಲದೆಂಬಂತೆ ಹಳೆಯ ಕಬ್ಬಿಣದಂಶದ ಶಾಯಿ ತಾನೇ ಕಾಗದವನ್ನು ಸುಟ್ಟು ಅಕ್ಷರದ ಜಾಗದಲ್ಲಿ ತೂತು ಬೀಳಿಸುತ್ತದೆ. ಇವುಗಳ ಮೇಲೆ ನಮ್ಮವರ ಒಳ್ಳೆಯ ಉದ್ದೇಶದ ಹಾನಿ ಬೇರೆ. ಹರಿದ ಪುಟಕ್ಕೆ ಸೆಲ್ಲೋಟೇಪ್ ಹಚ್ಚುತ್ತಾರೆ, ಅದು ಹಳದಿಯಾಗಿ ಅಂಟು ಅಕ್ಷರವನ್ನು ನುಂಗುತ್ತದೆ. ಪೇಟೆಗೆ ಒಯ್ದು ಲ್ಯಾಮಿನೇಷನ್ ಮಾಡಿಸುತ್ತಾರೆ, ಬಿಸಿಗೆ ಒಳಗಾದ ಆ ಪುಟವನ್ನು ಮುಂದೆ ಯಾವ ತಜ್ಞರೂ ಬಿಡಿಸಲಾರರು. ದಯವಿಟ್ಟು ಈ ಎರಡು ಕೆಲಸಗಳನ್ನು ಇಂದೇ ನಿಲ್ಲಿಸಲು ಎಲ್ಲ ಧರ್ಮಕೇಂದ್ರಗಳಿಗೂ ಶಾಲೆಗಳಿಗೂ ಸುತ್ತೋಲೆ ಕಳುಹಿಸಿ. ಗೋಡೆಗೆ ತಾಗದಂತೆ ಇಟ್ಟ ಗಾಳಿಯಾಡುವ ಕಪಾಟು, ಹತ್ತಿಬಟ್ಟೆಯ ಸುತ್ತು, ಬಟ್ಟೆಯ ಗಂಟಿನಲ್ಲಿ ಬಜೆಯ ಪುಡಿ, ಬಿಸಿಲು ಬಿದ್ದ ದಿನಗಳಲ್ಲಿ ನೆರಳಿನಲ್ಲಿ ಬಿಚ್ಚಿಟ್ಟು ಗಾಳಿಗೆ ಹಾಕುವುದು, ಇಷ್ಟಕ್ಕೆ ದೊಡ್ಡ ಹಣ ಬೇಕಿಲ್ಲ. 2018ರ ಆಗಸ್ಟ್‌ನಲ್ಲಿ ಬೆಟ್ಟಗಳೇ ಜರಿದು ಮನೆ ಮಠಗಳು ಮಣ್ಣಿನಡಿ ಸೇರಿದ್ದನ್ನು ಕಂಡ ಜಿಲ್ಲೆ ನಮ್ಮದು. ದಾಖಲೆಯ ಪ್ರತಿ ಒಂದೇ ಕಟ್ಟಡದಲ್ಲಿದ್ದರೆ ಅದರ ಗತಿ ಏನಾಗಬಹುದು ಎಂಬುದನ್ನು ಬೇರೆಯವರಿಂದ ಕೇಳಿ ತಿಳಿಯಬೇಕಾಗಿಲ್ಲ.

ಕಟ್ಟಡಗಳ ಬಗ್ಗೆಯೂ ಒಂದು ಮಾತು. ಜನ ಹೆಚ್ಚಾದಾಗ ಹಳೆಯ ಚರ್ಚ್ ಸಾಲದೆ ಹೊಸದನ್ನು ಕಟ್ಟುವುದು ತಪ್ಪಲ್ಲ. ಕೆಡವುವ ಮೊದಲು ಅಳತೆ ತೆಗೆದು ನಕ್ಷೆ ಬರೆಯಿಸಿ, ಪ್ರತಿ ಗೋಡೆ, ಕಿಟಕಿ, ಪೀಠ, ಗಂಟೆಯ ಮೇಲಿನ ಬರಹ, ಸಮಾಧಿ ಕಲ್ಲುಗಳ ಚಿತ್ರ ತೆಗೆಸಿದ್ದರೆ ಸಾಕಿತ್ತು ಎಂದು ಹಲವು ಕಡೆ ಅನ್ನಿಸಿದೆ. ಮಡಿಕೇರಿ ಕೋಟೆಯೊಳಗಿನ ಆಂಗ್ಲಿಕನ್ ಚರ್ಚ್ ಸರ್ಕಾರಿ ವಸ್ತುಸಂಗ್ರಹಾಲಯವಾಗಿ ಉಳಿದಿದೆ. ಅಲ್ಲಿ ಪ್ರಾರ್ಥಿಸಿದವರು ಅಧಿಕಾರಿಗಳು. ಕೂಲಿಯವರು ಕಟ್ಟಿಕೊಂಡ ಚರ್ಚ್‌ಗೆ ಅಂಥ ಭಾಗ್ಯವಿಲ್ಲದಿದ್ದರೆ ಒಂದು ನಕ್ಷೆಯಾದರೂ ಇರಲಿ.

ಪರಮಪೂಜ್ಯ ಧರ್ಮಾಧ್ಯಕ್ಷರೇ, ಈ ಪುಸ್ತಕಗಳನ್ನು ಹೊರಗಿನವರ ಕೈಗೆ ಕೊಡಲು ತಮ್ಮ ಕಚೇರಿ ಹಿಂಜರಿಯುವುದಕ್ಕೆ ಕಾರಣಗಳಿವೆ ಎಂಬುದನ್ನು ಬಲ್ಲೆ. ವಿಚಾರಣೆಯ ಪುಸ್ತಕಗಳ ಪ್ರತಿಗಳನ್ನು ಮಾರ್ಮನ್ ಸಭೆಯ ವಂಶಾವಳಿ ಸಂಸ್ಥೆಗೆ ಕೊಡಬಾರದೆಂದು 2008ರಲ್ಲಿ ರೋಮಿನಿಂದ ಸೂಚನೆ ಬಂದದ್ದೂ ಉಂಟು. ಅಕ್ರಮ ಸಂಬಂಧದ ಮಗು, ದತ್ತು, ರದ್ದಾದ ವಿವಾಹ ಮುಂತಾದ ಗುಟ್ಟುಗಳು ಆ ಪುಟಗಳಲ್ಲಿವೆ, ಅವುಗಳಿಂದ ಬದುಕಿರುವವರ ಮಾನಕ್ಕೆ ಕುಂದು ಬರಬಾರದು. ಆದ್ದರಿಂದ ಎಲ್ಲವನ್ನೂ ಎಲ್ಲರಿಗೂ ತೆರೆಯಿರಿ ಎಂದು ನಾನು ಕೇಳುತ್ತಿಲ್ಲ. ಚಿತ್ರ ತೆಗೆಯುವ ಕೆಲಸವನ್ನು ತಮ್ಮದೇ ಮೇಲ್ವಿಚಾರಣೆಯಲ್ಲಿ ಮಾಡಿಸಿ, ಒಂದು ಪ್ರತಿ ವಿಚಾರಣೆಯಲ್ಲಿ, ಒಂದು ಮೈಸೂರಿನಲ್ಲಿ, ಇನ್ನೊಂದು ಬೇರೆ ಊರಿನ ಸುರಕ್ಷಿತ ಸ್ಥಳದಲ್ಲಿ ಇರಲಿ. ನೂರು ವರ್ಷ ದಾಟಿದ ಪುಟಗಳನ್ನು ಮಾತ್ರ ಅರ್ಜಿ ಕೊಟ್ಟ ಸಂಶೋಧಕರಿಗೆ ತೋರಿಸಿ. ಅದಕ್ಕಿಂತ ಈಚಿನದು ಆಯಾ ಕುಟುಂಬದವರಿಗೆ ಮಾತ್ರ ಸಿಗಲಿ. ಕೊಡಗಿನ ಐದೂ ತಾಲೂಕುಗಳ ಯಾವ ವಿಚಾರಣೆಯಲ್ಲಿ ಯಾವ ಇಸವಿಯಿಂದ ಯಾವ ಪುಸ್ತಕವಿದೆ ಎಂಬ ಪಟ್ಟಿಯೊಂದನ್ನು ಮೊದಲು ತಯಾರಿಸಿದರೆ ಉಳಿದ ಕೆಲಸಕ್ಕೆ ದಾರಿಯಾಗುತ್ತದೆ.

ಪ್ರೀತಿಯ ಮದರ್ ಮತ್ತು ಸಿಸ್ಟರ್‌ಗಳೇ, ಕಾನ್ವೆಂಟ್‌ನ ದಿನಚರಿಯನ್ನು ಬರೆದಿಡುವ ಪದ್ಧತಿ ತಮ್ಮ ಸಭೆಗಳಲ್ಲಿದೆ. ಇಂದು ಹೊಸ ಸಿಸ್ಟರ್ ಬಂದರು, ಇಂದು ಬಾವಿ ತೋಡಿಸಿದೆವು, ಇಂದು ಜ್ವರದಿಂದ ಅರ್ಧ ತರಗತಿ ಖಾಲಿ ಎಂಬಂಥ ಸಾಲುಗಳಲ್ಲಿ ಒಂದು ಹಳ್ಳಿಯ ಬದುಕೇ ಇದೆ. ತಮ್ಮ ಸಭೆಯೊಳಗಿನ ವಿಚಾರಗಳನ್ನು ಬಿಟ್ಟು ಶಾಲೆಗೂ ಊರಿಗೂ ಸಂಬಂಧಿಸಿದ ಭಾಗಗಳನ್ನಾದರೂ ನಕಲು ಮಾಡಿಸಿ ಕೊಡಿ. ನಿವೃತ್ತರಾಗಿ ತಮ್ಮ ಮಠಗಳಲ್ಲಿ ವಿಶ್ರಾಂತಿಯಲ್ಲಿರುವ ವೃದ್ಧ ಸಿಸ್ಟರ್‌ಗಳ ಮಾತನ್ನು ಧ್ವನಿಮುದ್ರಿಸಲು ಅನುಮತಿ ಕೊಡಿ. ವಿನಯದಿಂದ ತಮ್ಮ ಕೆಲಸದ ಬಗ್ಗೆ ಮಾತನಾಡಲು ಅವರು ಒಪ್ಪುವುದಿಲ್ಲ ಎಂಬುದು ನನಗೆ ಗೊತ್ತು; ವಿದ್ಯಾರ್ಥಿಗಳ ಬಗ್ಗೆ ಕೇಳಿದರೆ ಖಂಡಿತ ಮಾತನಾಡುತ್ತಾರೆ.

ಮಾನ್ಯ ಜಿಲ್ಲಾಧಿಕಾರಿಗಳೇ, ಅನುದಾನಿತ ಶಾಲೆಗಳ ದಾಖಲಾತಿ ಪುಸ್ತಕಗಳು ಚರ್ಚ್‌ನ ಆಸ್ತಿಯಷ್ಟೇ ಅಲ್ಲ, ಸಾರ್ವಜನಿಕ ದಾಖಲೆಗಳೂ ಹೌದು. ಮಕ್ಕಳ ಸಂಖ್ಯೆ ಕುಸಿದು ಬಾಗಿಲು ಮುಚ್ಚುತ್ತಿರುವ ಕನ್ನಡ ಮಾಧ್ಯಮದ ಶಾಲೆಗಳ ಪುಸ್ತಕಗಳು ಎಲ್ಲಿಗೆ ಹೋಗುತ್ತವೆ ಎಂಬುದನ್ನು ಶಿಕ್ಷಣ ಇಲಾಖೆಯ ಮೂಲಕ ವಿಚಾರಿಸಿ, ಅವು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯ ಮೂಲೆಯಲ್ಲಿ ಮೂಟೆಯಾಗಿ ಬೀಳದಂತೆ ನೋಡಿಕೊಳ್ಳಬೇಕು. ಚರ್ಚ್‌ಗಳು, ದೇವಸ್ಥಾನಗಳು, ಮಸೀದಿಗಳು, ಐನ್‌ಮನೆಗಳು ತಾವಾಗಿ ಮುಂದೆ ಬಂದರೆ ಅವುಗಳ ಹಳೆಯ ಕಾಗದಗಳನ್ನು ರಾಜ್ಯ ಪತ್ರಾಗಾರ ಇಲಾಖೆಯ ತಜ್ಞರು ಇಲ್ಲಿಗೇ ಬಂದು ಪರೀಕ್ಷಿಸಿ, ಸಂರಕ್ಷಣೆಯ ತರಬೇತಿ ಕೊಡುವಂತೆ ತಾವು ಒಂದು ಪತ್ರ ಬರೆದರೆ ಜಿಲ್ಲೆಗೆ ಬಹಳ ಉಪಕಾರವಾಗುತ್ತದೆ.

2042ಕ್ಕೆ ವಿರಾಜಪೇಟೆಯಲ್ಲಿ ಆ ಮೊದಲ ನೆಲೆ ನಿಂತು 250 ವರ್ಷ ತುಂಬುತ್ತದೆ. ಆಗ ಹೊರಬರಬೇಕಾದ ಚರಿತ್ರೆಯಲ್ಲಿ ಅರಸನ ಹೆಸರಿನ ಜೊತೆಗೆ ಉಪದೇಶಿಗಳ, ಮೇಸ್ತ್ರಿಗಳ, ಕುಯ್ಲಿನ ಹೆಂಗಸರ ಹೆಸರೂ ಇರಬೇಕಾದರೆ ಕೆಲಸ ಈಗಲೇ ಆರಂಭವಾಗಬೇಕು, ಏಕೆಂದರೆ ಆ ಹೆಸರುಗಳನ್ನು ಗುರುತಿಸಬಲ್ಲವರು ಅಲ್ಲಿಯವರೆಗೆ ಇರುವುದಿಲ್ಲ. ಹಳೆಯ ವಿದ್ಯಾರ್ಥಿಗಳಾದ ನಮ್ಮಲ್ಲಿ ಕೆಲವರು ಸಂಬಳವಿಲ್ಲದೆ ದುಡಿಯಲು ಸಿದ್ಧರಿದ್ದೇವೆ. ನಮ್ಮಲ್ಲಿ ಲತೀನು ಓದಬಲ್ಲ ನಿವೃತ್ತ ಗುರುಗಳೊಬ್ಬರಿದ್ದಾರೆ, ಕ್ಯಾಮೆರಾ ಬಲ್ಲ ಯುವಕರಿದ್ದಾರೆ, ಕೈಬರಹ ಓದಿ ಟೈಪ್ ಮಾಡಬಲ್ಲ ಶಿಕ್ಷಕಿಯರಿದ್ದಾರೆ. ಬೇಕಾಗಿರುವುದು ತಮ್ಮ ಲಿಖಿತ ಅನುಮತಿ ಮತ್ತು ಮೇಲ್ವಿಚಾರಣೆಗೆ ಒಬ್ಬರ ನೇಮಕ. ಪುಟ ಬಿಚ್ಚುವ ಕೆಲಸ ಒಣಹವೆಯಲ್ಲೇ ಆಗಬೇಕಾದ್ದರಿಂದ, ಜನವರಿಯಿಂದ ಏಪ್ರಿಲ್‌ವರೆಗಿನ ತಿಂಗಳುಗಳಲ್ಲಿ ಮೊದಲ ಒಂದೆರಡು ವಿಚಾರಣೆಗಳ ಪುಸ್ತಕಗಳನ್ನು ಮುಗಿಸುವಂತೆ ಅನುಮತಿ ನೀಡಬೇಕೆಂದು ಪ್ರಾರ್ಥಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಕನ್ನಡ ಶಿಕ್ಷಕಿ
ದಕ್ಷಿಣ ಕೊಡಗು